ದಿಡ್ಡಿ ಬಾಗಿಲಿನ ಆಚೆಯ ಬಾವಿ

ಕಬ್ಬಿಣ ಬಿದ್ದ ಸದ್ದು ಸರಿಯಿರಲಿಲ್ಲ. ವಾಸು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಗೋಡೆಯಾಚೆ, ದೊಡ್ಡಪ್ಪನ ಮಗ ಅಶ್ವತ್ಥನ ಜಾಗದಲ್ಲಿ, ಲಾರಿಯಿಂದ ಕಂಬಿ ಇಳಿಸುತ್ತಿದ್ದರು. ಬಾಡಿಗೆಯ ವಠಾರವನ್ನು ಕೆಡವಿ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದಾನೆ ಅಶ್ವತ್ಥ. ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ. ಮೊದಲ ಕಟ್ಟು ಮಣ್ಣಿನ ಮೇಲೆ ಕಬ್ಬಿಣ ಬೀಳುವ ಹಾಗೆಯೇ ಬಿತ್ತು, ದಪ್ಪಗೆ, ಅಲ್ಲಿಗೇ ಮುಗಿದ ಹಾಗೆ. ಎರಡನೆಯದು ಸ್ವಲ್ಪ ಆಚೆ ಬಿತ್ತು. ಅದು ಮುಗಿಯಲಿಲ್ಲ. ಬಿದ್ದ ಮೇಲೆ ಕೆಳಗಿನಿಂದ ಇನ್ನೊಂದು ಸದ್ದು, ಯಾರೋ ಬಾಯಿ ತೆರೆಯದೆ ಗಂಟಲಲ್ಲೇ ಹ್ಞೂಂ ಅಂದ ಹಾಗೆ, ತಡವಾಗಿ ಎದ್ದು ಬಂತು. ಲೋಟ ಅವನ ತುಟಿಯ ಹತ್ತಿರವೇ ನಿಂತಿತು. ಮೂರನೆಯ ಕಟ್ಟಿಗಾಗಿ ಕಾದ. ಅದೂ ಅಲ್ಲೇ ಬಿತ್ತು, ಮತ್ತೆ ಅದೇ ಹ್ಞೂಂ. ಕೆಳಗೆ ಖಾಲಿಯಿದೆ. ಬರಿಯ ಖಾಲಿಯಲ್ಲ, ತಳದಲ್ಲಿ ನೀರಿರುವ ಖಾಲಿ. ಈ ವಿಷಯದಲ್ಲಿ ಅವನಿಗೆ ಅನುಮಾನವೆಂಬುದು ಇರಲಿಲ್ಲ. ಅನುಮಾನ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅನ್ನಿಸಿದ್ದು ಆಮೇಲೆ, ಕಾಫಿ ತಣ್ಣಗಾದ ಮೇಲೆ.

ಆ ಕಿವಿ ಅವನಿಗೆ ಬಂದದ್ದು ಅಪ್ಪ ಆನಂದಪ್ಪನಿಂದ. ಕೆಂಪಾಪುರದಲ್ಲಿ ಇನ್ನೂ ಹೊಲಗಳಿದ್ದ ಕಾಲದಲ್ಲಿ ಅಪ್ಪ ರಾಮಮಂದಿರದ ಜಗಲಿಯ ಮೇಲೆ ರಾಗವಾಗಿ ಷಟ್ಪದಿ ಓದುತ್ತಿದ್ದ. ಮೂರನೆಯ, ಆರನೆಯ ಸಾಲುಗಳು ಉಳಿದವಕ್ಕಿಂತ ಉದ್ದ. ಅವುಗಳ ತುದಿಗೆ ಬಂದು ಉಸಿರು ನಿಲ್ಲಿಸುತ್ತಿದ್ದ. ಆ ಬಿಡುವಿನಲ್ಲಿ ಕೆಳಗೆ ಕೂತವರು ಹ್ಞೂಂ ಅನ್ನಬೇಕು. ಅರ್ಥವಾದವರ ಹ್ಞೂಂ ಬೇರೆ, ನಿದ್ದೆ ಬಂದವರ ಹ್ಞೂಂ ಬೇರೆ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತ ವಾಸುವಿಗೆ ಎರಡರ ವ್ಯತ್ಯಾಸ ಪದ್ಯದ ಅರ್ಥಕ್ಕಿಂತ ಮೊದಲೇ ತಿಳಿದುಬಿಟ್ಟಿತ್ತು. ಸದ್ದಿನ ಕೆಳಗೆ ಏನಿದೆ, ತುಂಬಿದೆಯೋ ಬರಿದೋ ಎಂದು ಕೇಳುವುದು. ಈಗ ಅದೇ ಅವನ ಕೆಲಸ. ನಗರದ ಉತ್ತರದ ಬಾವಿಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿ ವರ್ಷಗಳೇ ಆದವು. ನೀರು ಸೇದುವ ಬಾವಿ, ಬತ್ತಿದ ಬಾವಿ, ಕಸ ತುಂಬಿದ ಬಾವಿ, ಚಪ್ಪಡಿ ಮುಚ್ಚಿದ ಬಾವಿ, ಪ್ರತಿಯೊಂದಕ್ಕೂ ಒಂದು ನೀಲಿ ಚುಕ್ಕೆ. ಮುಚ್ಚಿದ ಬಾವಿಗಳನ್ನು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹಾರೆಯ ಹಿಂಬದಿಯಿಂದ ನೆಲ ಕುಟ್ಟುತ್ತಾನೆ, ತಲೆ ವಾಲಿಸಿ ಕೇಳುತ್ತಾನೆ, ಇಲ್ಲಿ ಅನ್ನುತ್ತಾನೆ. ಯಶವಂತಪುರದ ಮಂಡಿಯಲ್ಲಿ ಆಲೂಗಡ್ಡೆ ಮೂಟೆಗಳ ಅಡಿಯಲ್ಲಿದ್ದ ಬಾವಿ, ಆರ್‌.ಟಿ. ನಗರದ ಬ್ಯೂಟಿ ಪಾರ್ಲರಿನ ಹೊಳೆಯುವ ಟೈಲ್ಸಿನ ಕೆಳಗಿದ್ದ ಬಾವಿ. ಪಾರ್ಲರಿನ ಹೆಂಗಸು ಆಮೇಲೆ ಆ ಟೈಲ್ಸಿನ ಮೇಲೆ ಕಾಲಿಡಲೇ ಹೆದರಿದಳು.

ನೆನಪನ್ನು ನಂಬಬೇಡಿ, ಕುಟ್ಟಿ ನೋಡಿ ಎಂಬುದು ಅವನು ಎಲ್ಲರಿಗೂ ಹೇಳುವ ಮಾತು. ಬಾಗಲೂರಿನ ಲಕ್ಕಣ್ಣನಿಗೂ ಹೇಳಿದ್ದ. ಲಕ್ಕಣ್ಣ ತಮ್ಮ ತೋಟದ ಹಳೇ ಬಾವಿ ಇಲ್ಲೇ ಎಂದು ಬೇವಿನ ಮರದ ಬುಡ ತೋರಿಸಿದ್ದರು. ಸುತ್ತ ಅವರ ಮಕ್ಕಳು, ಸೊಸೆಯಂದಿರು, ಪಕ್ಕದ ಲೇಔಟಿನವರು. ವಾಸು ಕುಟ್ಟುತ್ತ ಕುಟ್ಟುತ್ತ ಆಚೆ ಹೋಗಿ ದನದ ಗೋದಲಿಯ ಹತ್ತಿರ ನಿಂತಿದ್ದ. ಚಪ್ಪಡಿ ಎತ್ತಿಸಿದಾಗ ಬಾವಿ ಅಲ್ಲಿತ್ತು. ಜನ ಚಪ್ಪಾಳೆ ಹೊಡೆದರು. "ನಮ್ಮಪ್ಪ ಇಲ್ಲೇ ಅಂತಿದ್ರು ಕಣ್ರೀ," ಎಂದು ಲಕ್ಕಣ್ಣ ಬೇವಿನ ಬುಡದಲ್ಲೇ ನಿಂತು, ಯಾರೂ ಕೇಳದಿದ್ದರೂ, ಹೇಳುತ್ತಲೇ ಇದ್ದರು. ಆ ಮುಖ ಇವತ್ತು ಈ ಮೆಟ್ಟಿಲ ಮೇಲೆ ಯಾಕೆ ನೆನಪಾಗಬೇಕು. ಯಾಕೆ ಎಂಬುದು ವಾಸುವಿಗೆ ಗೊತ್ತಿತ್ತು. ಅಶ್ವತ್ಥನ ಜಾಗದಲ್ಲಿ ನಕ್ಷೆಯ ಪ್ರಕಾರ ಬಾವಿಯಿಲ್ಲ. ಈ ಎರಡು ಮನೆಗಳ ಬಾವಿ ಇರುವುದು ಇಲ್ಲಿ, ಅವನ ಎದುರಿಗೆ, ಹಿತ್ತಿಲ ಮೂಲೆಯಲ್ಲಿ, ಅರಿಸಿನ ಬಳಿದ ಮೂರು ಕಲ್ಲುಗಳ ಕೆಳಗೆ. ಆ ಚುಕ್ಕೆಯನ್ನು ಇಟ್ಟವನು ಅವನೇ. ಇಡೀ ನಕ್ಷೆಯ ಮೊದಲ ಚುಕ್ಕೆ ಅದು.

ಮೂರು ಕಲ್ಲುಗಳಿಗೂ ನಿನ್ನೆ ಸಂಜೆಯೇ ಅಮ್ಮ ನೀರೆರೆದು ಅರಿಸಿನ ಹಚ್ಚಿದ್ದಳು. ಇವತ್ತು ಅಶ್ವತ್ಥನ ಮಗಳು ಮೋನಿಕಾ ಗಂಗೆ ಪೂಜೆಗೆ ಬರುತ್ತಾಳೆ. ಹೆತ್ತ ಹೆಣ್ಣು ಮೈಲಿಗೆ ಕಳೆದು ಮೊದಲ ಸಲ ಬಾವಿಯ ಹತ್ತಿರ ಹೋಗಿ, ಗಂಗಮ್ಮನಿಗೆ ಕುಂಕುಮವಿಟ್ಟು, ಕೊಡ ತುಂಬಿಕೊಂಡು ಬಂದರೇನೇ ಮತ್ತೆ ಅಡುಗೆಮನೆಗೆ ಕಾಲಿಡುವುದು. ಕೊಳಾಯಿ ಬಂದ ಮೇಲೆ ಬೇರೆ ಬೀದಿಯವರು ನಲ್ಲಿಗೆ, ನೀರಿನ ಸಂಪಿನ ಮುಚ್ಚಳಕ್ಕೆ, ಬೋರ್‌ವೆಲ್ಲಿನ ಪೈಪಿಗೆ ಕುಂಕುಮ ಹಚ್ಚಿ ಮುಗಿಸುತ್ತಾರೆ. ಈ ಬೀದಿಯ ಹೆಂಗಸರು ಮಾತ್ರ ಅವನ ಅಮ್ಮ ಮುನಿನಾರಾಯಣಮ್ಮನ ಹಿತ್ತಿಲಿಗೇ ಬರುತ್ತಾರೆ, ಅಲ್ಲಿ ಬಾವಿಯಿದೆ, ಮುಚ್ಚಿದ್ದರೂ ಇದೆ ಎಂದು. ಮದುವೆಗೂ ಇಲ್ಲಿಂದಲೇ ಗಂಗೆ ಹೋಗುತ್ತಾಳೆ. ಅಂಥ ದಿನಗಳಲ್ಲಿ ಅಮ್ಮ ಬಾಗಿಲಲ್ಲಿ ನಿಂತಿರುವ ರೀತಿಯೇ ಬೇರೆ. ಮೊದಲ ಚುಕ್ಕೆ ಇಟ್ಟ ದಿನ ವಾಸು ಚಪ್ಪಲಿ ಬಿಟ್ಟು ಕಲ್ಲುಗಳ ಮುಂದೆ ನಿಂತಿದ್ದ, ಕೈ ಮುಗಿದಿದ್ದ, ಫೋನಿನಲ್ಲಿ ಜಿಪಿಎಸ್ ತೋರಿಸುವ ಜಾಗದ ಅಂಕಿ ಅಲುಗಾಡದೆ ನಿಲ್ಲುವವರೆಗೆ ಅದನ್ನು ಎರಡು ಅಂಗೈಗಳ ನಡುವೆ ಪ್ರಸಾದದ ಹಾಗೆ ಹಿಡಿದುಕೊಂಡಿದ್ದ. ಹಾರೆ ಆಗಲೂ ಅವನ ಬೈಕಿನಲ್ಲಿತ್ತು. ಗಂಗಮ್ಮನ ನೆತ್ತಿಯ ಮೇಲೆ ಹಾರೆ ಕುಟ್ಟುವವರುಂಟೆ. ಯಾರದೋ ತೋಟ, ಯಾರದೋ ಅಂಗಡಿ, ಯಾರದೋ ತಂದೆಯ ನೆನಪು, ಎಲ್ಲವನ್ನೂ ಕುಟ್ಟಿ ನೋಡಿದವನು ಇದೊಂದನ್ನು ಕುಟ್ಟಿರಲಿಲ್ಲ.

ಈಗ ಹೋಗಿ ಹಾರೆ ತಂದ. ಚಪ್ಪಲಿ ಬಿಟ್ಟ. ಹಳೆಯ ಟವೆಲೊಂದನ್ನು ಹಾರೆಯ ಹಿಂಬದಿಗೆ ಸುತ್ತಿದ, ಆಮೇಲೆ ಅದು ತನ್ನನ್ನು ತಾನೇ ಮೋಸ ಮಾಡಿಕೊಂಡ ಹಾಗೆ ಎನ್ನಿಸಿ ಬಿಚ್ಚಿಹಾಕಿದ. ಕಲ್ಲುಗಳ ಪಕ್ಕದಲ್ಲಿ ಒಮ್ಮೆ ಕುಟ್ಟಿದ. ಮಣ್ಣು. ಹಿಂದೆ ಕುಟ್ಟಿದ. ಮಣ್ಣು. ಮಧ್ಯದ ಕಲ್ಲನ್ನು ಒಂದಿಷ್ಟು ಸರಿಸಿ ಅದರ ಹಸಿ ಗುಂಡಿಯಲ್ಲಿ, ಕಣ್ಣು ಮುಚ್ಚಿಕೊಂಡು, ಮೆಲ್ಲಗೆ ಕುಟ್ಟಿದ. ನಿದ್ದೆ ಬಂದವರ ಹ್ಞೂಂ ಕೂಡ ಅಲ್ಲಿರಲಿಲ್ಲ. ಗಟ್ಟಿ ಕೆಮ್ಮಣ್ಣು, ಸೃಷ್ಟಿಯಾದಾಗಿನಿಂದ ಯಾರೂ ಅಗೆಯದ ಮಣ್ಣು.

"ಏನೋ ಅದು?" ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯೆಲ್ಲ ತಂಬಿಟ್ಟಿನ ಹಿಟ್ಟು. "ಒಳ್ಳೆ ದಿನ ಗಂಗಮ್ಮನ ಮುಂದೆ ಆರೆ ಇಡ್ಕೊಂಡು ನಿಂತವ್ನೆ."

"ಅಮ್ಮ, ಇಲ್ಲಿ ಬಾವಿ ಇತ್ತಾ?"

ಅವಳು ಸರಿದ ಕಲ್ಲನ್ನು ನೋಡಿದಳು, ಅವನನ್ನು ನೋಡಲಿಲ್ಲ. "ಕಲ್ಲು ಸರಿಯಾಗಿ ಕೂರ್ಸು," ಅಂದಳು. "ಹೆಣ್ಮಕ್ಳು ಬರೋ ಒತ್ತಾಯ್ತು. ಸ್ನಾನ ಮಾಡು ಓಗು."

ಬಾಗಿಲು ಅರ್ಧ ಮುಚ್ಚಿತು. ಅವಳಿಗೆ ಗೊತ್ತಿದೆ ಎಂಬುದು ಅವಳ ದನಿಯಿಂದಲೇ ತಿಳಿಯಿತು; ಬೈಗುಳದಲ್ಲಿ ಇರಬೇಕಾದ ಭಾರ ಅದರಲ್ಲಿರಲಿಲ್ಲ. ಅವನು ಕಲ್ಲನ್ನು ಮೊದಲಿದ್ದಲ್ಲೇ ಕೂರಿಸಿ, ಅಂಗೈಗೆ ಅಂಟಿದ ಅರಿಸಿನ ಒರೆಸಿಕೊಳ್ಳದೆ, ಗೋಡೆ ದಾಟಿ ಆಚೆ ಹೋದ. ಎರಡು ಹಿತ್ತಿಲುಗಳ ನಡುವಿನ ಗೋಡೆಯಲ್ಲಿ ಮೊದಲು ಒಂದು ದಿಡ್ಡಿ ಬಾಗಿಲಿತ್ತು, ತಲೆ ಬಗ್ಗಿಸಿ ಹೋಗುವಷ್ಟು ಸಣ್ಣದು. ಲಾರಿಗೆ ಜಾಗವಾಗಲೆಂದು ಅಶ್ವತ್ಥ ಆ ಭಾಗದ ಗೋಡೆಯನ್ನೇ ಬೀಳಿಸಿದ್ದ. ಬಾಗಿಲ ಹೊಸ್ತಿಲು ಮಾತ್ರ ಮಣ್ಣಲ್ಲಿ ಕಚ್ಚಿಕೊಂಡು ಉಳಿದಿತ್ತು.

"ಏನ್ ವಾಸಣ್ಣ, ನಮ್ ಸೈಟಿಗೂ ಡಾಕ್ಟ್ರು ಬಂದ್ಬಿಟ್ರಾ?" ಹಾರೆ ನೋಡಿ ಅಶ್ವತ್ಥ ನಕ್ಕ. ಹೊಸ ಬಿಳಿ ಪಂಚೆ ಉಟ್ಟಿದ್ದ, ಅದರ ಅಂಚಿಗೆ ಆಗಲೇ ಕೆಂಪು ಧೂಳು ಹತ್ತಿತ್ತು. "ಟೆತಾಸ್ಕೋಪ್ ಇಟ್ಟು ನೋಡಿ, ಜ್ವರ ಗಿರ ಇದ್ರೆ ಹೇಳಿ."

ವಾಸು ನಗಲಿಲ್ಲ. ಕಂಬಿ ಇಳಿಸುತ್ತಿದ್ದ ಮೇಸ್ತ್ರಿ ಮಜೀದನಿಗೆ ಒಂದು ನಿಮಿಷ ನಿಲ್ಲಿಸು ಎಂದ. ವಠಾರದ ನಡುವಿನ ಅಂಗಳವಿದ್ದ ಜಾಗ ಅದು; ಬಾಡಿಗೆಯವರ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದ ದಪ್ಪ ಸಿಮೆಂಟನ್ನು ಹೋದವಾರವಷ್ಟೇ ಕಿತ್ತುಹಾಕಿದ್ದರು. ಹೊಸ ಪಿಲ್ಲರುಗಳಿಗೆಂದು ಸುಣ್ಣದ ಪುಡಿಯಲ್ಲಿ ಚೌಕಗಳನ್ನು ಎಳೆದಿದ್ದರು. ಒಂದು ಚೌಕದ ನಡುವೆ ನಿಂತು ಕುಟ್ಟಿದ. ನೆಲ ಅಂಗಾಲಿಗೇ ಉತ್ತರ ಕೊಟ್ಟಿತು. ಮಜೀದ್ ಎರಡು ಹೆಜ್ಜೆ ಹಿಂದೆ ಸರಿದ. "ಭಾವಿ ಐತೆ ಸಾರ್, ಗ್ಯಾರಂಟಿ," ಅಂದ. "ನಾನು ಇಷ್ಟೊತ್ತು ಇದರ ಮೇಲೆ ಕೂತೇ ಬೀಡಿ ಸೇದ್ತಾ ಇದ್ನಲ್ಲ."

"ಅಶ್ವತ್ಥ, ಬಾವಿ ಇಲ್ಲಿದೆ," ಎಂದ ವಾಸು. "ನಮ್ಮ ಹಿತ್ತಿಲಲ್ಲಿಲ್ಲ. ನಾನು ತಪ್ಪು ಹಾಕಿದೀನಿ."

ಹೇಳುವುದಕ್ಕೆ ಇಷ್ಟು ಸುಲಭವೆ ಎಂದು ಅವನಿಗೇ ಆಶ್ಚರ್ಯವಾಯಿತು. ಅಶ್ವತ್ಥನ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಉಳಿದಿತ್ತು, ತೆಗೆಯಲು ಮರೆತವನ ಹಾಗೆ. ಆಮೇಲೆ ಅವನು ವಾಸುವಿನ ಮೊಣಕೈ ಹಿಡಿದು ಇಟ್ಟಿಗೆ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದ. "ಅಣ್ಣ, ಎಂಜಿನಿಯರು ನಿಮ್ ಮ್ಯಾಪ್ ನೋಡ್ಕೊಂಡೇ ಇಲ್ಲಿ ಬಾವಿ ಗೀವಿ ಏನೂ ಇಲ್ಲ ಅಂತ ಬರ್ದಿರೋದು. ನಿಮ್ಮ ಮಾತು ಅಂದ್ರೆ ಮಾತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ ನಾನು. ಈಗ ನೀವೇ ಬಂದು ಇಲ್ಲ ಅಲ್ಲಿ, ಅಲ್ಲ ಇಲ್ಲಿ ಅಂದ್ರೆ?" ದನಿ ತಗ್ಗಿಸಿದ. "ಹಿಂಗೆ ಮಾಡಣ. ಜೆಸಿಬಿಯವ್ನಿಗೆ ಹುಷಾರು ಅಂತೀನಿ. ಕೆಡವಿದ ಡೆಬ್ರಿ ಐತಲ್ಲ, ಅದನ್ನೇ ತುಂಬಿ ಗಟ್ಟಿ ಮಾಡ್ಸಿಬಿಡ್ತೀನಿ. ನಿಮ್ಮ ಚುಕ್ಕೆ ನಿಮ್ಮ ಹಿತ್ಲಲ್ಲೇ ಇರ್ಲಿ. ಚಿಕ್ಕಮ್ಮನ ಮರ್ಯಾದೆನೂ ಉಳೀತದೆ. ನನ್ ಮದ್ವೆ, ಮೋನಿ ಮದ್ವೆ, ಎಲ್ಲ ಗಂಗೆನೂ ಅಲ್ಲಿಂದಾನೇ ಬಂದಿರೋದು. ಇವತ್ತು ಮಗು ಎತ್ಕೊಂಡು ಬರೋಳ ಮುಂದೆ ಅದೆಲ್ಲ ಬರೀ ಮಣ್ಣು ಅಂತ ಹೇಳ್ತೀರಾ?"

ಕೆಟ್ಟವನಲ್ಲ ಅಶ್ವತ್ಥ. ಅವನ ಮಾತಿನಲ್ಲಿ ತೂಕವಿತ್ತು, ಅದೇ ತೊಂದರೆ. ಒಂದು ಕ್ಷಣ ವಾಸು ಆ ದಾರಿಯಲ್ಲಿ ಮನಸ್ಸಿನಲ್ಲೇ ನಡೆದು ನೋಡಿದ. ಪೂಜೆ ಆಗುತ್ತದೆ, ಅಮ್ಮ ಬಾಗಿಲಲ್ಲಿ ನಿಂತು ಎಲ್ಲರಿಗೂ ತಂಬಿಟ್ಟು ಹಂಚುತ್ತಾಳೆ, ನಾಳೆ ಲಾರಿಗಟ್ಟಲೆ ಮುರಿದ ಇಟ್ಟಿಗೆ ಬಾವಿಗೆ ಬೀಳುತ್ತದೆ, ಆ ಹ್ಞೂಂ ಮೊದಲು ಸಣ್ಣದಾಗಿ ಆಮೇಲೆ ಇಲ್ಲವಾಗುತ್ತದೆ. ನಕ್ಷೆಯಲ್ಲಿ ಬಾವಿಯಿಲ್ಲದ ಕಡೆ ಒಂದು ಚುಕ್ಕೆ, ಬಾವಿಯಿದ್ದ ಕಡೆ ಕಾರುಗಳು. ಯಾರಿಗೂ ತಿಳಿಯುವುದಿಲ್ಲ. ಆದರೆ ಅವನು ಪ್ರತಿ ಬೆಳಿಗ್ಗೆ ಈ ಮೆಟ್ಟಿಲ ಮೇಲೆ ಕಾಫಿ ಕುಡಿಯಬೇಕು. ಕಿವಿ ಎಲ್ಲಿ ಇಟ್ಟುಕೊಳ್ಳುವುದು.

"ವಠಾರ ಕಟ್ಟೋಕ್ ಮುಂಚೆ ಎಮ್ಮೆ ಕಟ್ತಿದ್ವಿ ಕಣಪ್ಪ ಅಲ್ಲಿ," ಎಂಬ ದನಿ ಕೇಳಿ ಇಬ್ಬರೂ ತಿರುಗಿದರು. ಅಶ್ವತ್ಥನ ತಾಯಿ, ದೊಡ್ಡಮ್ಮ ಮುನಿಗಂಗಮ್ಮ, ಮನೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಅವರು ಅಲ್ಲಿದ್ದದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಮುದುಕರನ್ನು ಯಾರು ಗಮನಿಸುತ್ತಾರೆ. ಬಾಯಲ್ಲಿ ಎಲೆಅಡಿಕೆ. "ಚಪ್ಪಡಿ ಆಕಿ ಮ್ಯಾಲೆ ಕೊಟ್ಗೆ ಎಬ್ಬಿಸಿದ್ರು ನಿಮ್ ದೊಡ್ಡಪ್ಪ. ಎಮ್ಮೆ ಕಾಲು ಬದ್ಲಾಯಿಸಿದ್ರೆ ಸಾಕು, ರಾತ್ರಿಯೆಲ್ಲ ಗುಡುಗಿದಂಗೆ ಆಗದು. ನಿದ್ದೆನೇ ಇಲ್ಲ ನಂಗೆ."

"ಅಮ್ಮ, ನೀನು ಒಳಗೋಗು," ಎಂದ ಅಶ್ವತ್ಥ.

"ನೀನು ಸುಮ್ಕಿರು, ನೀನು ಆಗ ಉಟ್ಟೇ ಇರ್ಲಿಲ್ಲ." ಮುದುಕಿ ವಾಸುವನ್ನೇ ನೋಡುತ್ತಿದ್ದರು. "ಪಾಲಾಯ್ತಲ್ಲ, ಬಾವಿ ನಮ್ ಕಡೆ ಬಂತು. ನಿಮ್ಮಪ್ಪಂಗೂ ನಿಮ್ ದೊಡ್ಡಪ್ಪಂಗೂ ಮಾತಿಲ್ಲ. ಆಗ್ಲೇ ನೀನು ಉಟ್ಟಿದ್ದು. ನಿಮ್ಮಮ್ಮ ಗಂಗೆ ಪೂಜೆಗೆ ಅಂತ ನಿನ್ನ ಎತ್ಕೊಂಡು ಕೊಡ ಇಡ್ಕೊಂಡು ದಿಡ್ಡಿ ಬಾಗ್ಲತ್ರ ಬಂದ್ಲು. ಇವ್ರು ಅಗಳಿ ಆಕ್ಬಿಟ್ರು. ನಾನು ಈ ಕಡೆ ನಿಂತಿದ್ದೆ. ಬಾಣಂತಿ ಬಿಸ್ಲಲ್ಲಿ ನಿಂತವ್ಳೆ ಅಂತ ಗೊತ್ತು ನಂಗೆ. ಅಗಳಿ ತೆಗೀಲಿಲ್ಲ. ಒಸಿ ಒತ್ತು ನಿಂತಿದ್ದು, ಅಂಗೇ ವಾಪಸ್ ಓದ್ಲು. ಆವತ್ತೇ ಆ ಮೂರು ಕಲ್ಲು ನೆಟ್ಟಿದ್ದು." ಅವರು ಪಕ್ಕಕ್ಕೆ ಉಗಿದರು. "ಆಮ್ಯಾಕೆ ಎಲ್ಲಾ ಅಲ್ಗೇ ಓಗಕ್ಕೆ ಸುರು ಮಾಡಿದ್ರು. ಎಮ್ಮೆ ಕೊಟ್ಗೆಗೆ ಯಾರ್ ಬತ್ತಾರೆ ಪೂಜೆಗೆ?"

ಅಂದರೆ ಆ ಕಲ್ಲುಗಳು ಅವನಿಗಾಗಿ ನೆಟ್ಟ ಕಲ್ಲುಗಳು. ವಾಸು ಹಾರೆಯನ್ನು ಇಟ್ಟಿಗೆಗೆ ಒರಗಿಸಿದ. ಅಮ್ಮನ ಸೊಂಟದ ಮೇಲೆ ತಾನು, ಮುಚ್ಚಿದ ಬಾಗಿಲಿನ ಮುಂದೆ, ಖಾಲಿ ಕೊಡದ ಪಕ್ಕ. ಆ ಚಿತ್ರ ಅವನಿಗೆ ನೆನಪಿರಲು ಸಾಧ್ಯವಿಲ್ಲ, ಆದರೂ ಅದು ಅವನೊಳಗೆ ಎಲ್ಲೋ ಇದ್ದೇ ಇರಬೇಕು. ಅಪ್ಪ ಪುರಾಣದಲ್ಲಿ ಅಣ್ಣತಮ್ಮಂದಿರು ನೆಲ ಹಂಚಿಕೊಳ್ಳುವ ಭಾಗ ಬಂದಾಗಲೆಲ್ಲ ಗಂಟಲು ಕಟ್ಟಿದೆ ಎಂದು ಹಾಳೆ ಮಗುಚಿ ಮುಂದಿನ ಸಂಧಿಗೆ ಹೋಗುತ್ತಿದ್ದ. ಕೇಳುವವರು ನಗುತ್ತಿದ್ದರು, ಆನಂದಪ್ಪನ ಗಂಟಲಿಗೆ ಅಲ್ಲೇ ಯಾಕೆ ನೆಗಡಿ ಎಂದು. ಹುಡುಗ ವಾಸು ಮಾರನೆಯ ಬೆಳಿಗ್ಗೆ ಮೆಣಸಿನ ಕಷಾಯ ಮಾಡಿಕೊಡಲು ಅಮ್ಮನಿಗೆ ಹೇಳುತ್ತಿದ್ದ. ಅಮ್ಮ ಮಾಡಿ ಕೊಡುತ್ತಿದ್ದಳು, ಅಪ್ಪ ಕುಡಿಯುತ್ತಿದ್ದ. ಇಬ್ಬರೂ ಎಷ್ಟು ಚೆನ್ನಾಗಿ ಸುಮ್ಮನಿದ್ದರು. ಅಷ್ಟು ಒಳ್ಳೆಯ ಕಿವಿ ಇದ್ದೂ ಆ ಸುಮ್ಮನಿರುವಿಕೆಯ ಕೆಳಗೆ ಏನಿದೆ ಎಂದು ಅವನು ಒಮ್ಮೆಯೂ ಕುಟ್ಟಿ ನೋಡಿರಲಿಲ್ಲ.

ಫೋನು ರಿಂಗಾಯಿತು. ಆಫೀಸಿನಿಂದ ಚೈತ್ರ. ಚುಕ್ಕೆಗಳನ್ನೆಲ್ಲ ಪರಿಶೀಲಿಸಿ ಅಂತಿಮ ಮಾಡುವ ಕೆಲಸ ಅವಳದು. "ಸರ್, ಕೆಂಪಾಪುರದ ಶೀಟು ಇವತ್ತು ಲಾಕ್ ಮಾಡ್ತಿದೀನಿ. ಚೇಂಜಸ್ ಏನಾದ್ರೂ ಇದ್ಯಾ?"

"ಒಂದಿದೆ. ಮಧ್ಯಾಹ್ನದವರೆಗೆ ತಡಿಯಮ್ಮ."

"ಯಾವ್ದು ಸರ್?"

"ಮೊದಲ್ನೇದು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. "ನಿಮ್ಮನೆದಾ?" ಎಂದಳು. ಆಮೇಲೆ, ನಗು ತಡೆದುಕೊಂಡು, "ಕುಟ್ಟಿ ನೋಡಿದ್ರಾ ಸರ್?"

"ಈಗ ನೋಡ್ದೆ," ಎಂದ ವಾಸು. ಕಿವಿಯ ತುದಿ ಬಿಸಿಯಾಯಿತು. ನಾಳೆ ಆಫೀಸಿನಲ್ಲಿ ಇದು ಟೀ ಜೊತೆ ಹಂಚುವ ಕತೆಯಾಗುತ್ತದೆ, ಬಾಗಲೂರಿಗೂ ಹೋಗುತ್ತದೆ, ಲಕ್ಕಣ್ಣನ ಬೇವಿನ ಬುಡದವರೆಗೂ ಹೋಗಿ ಮುಟ್ಟುತ್ತದೆ. ಮುಟ್ಟಲಿ. ಲಕ್ಕಣ್ಣ ಒಂದು ದಿನವಾದರೂ ನಗಲಿ. ಹಾಗೆಂದುಕೊಂಡಾಗ ಅವನ ಎದೆ ಹಗುರಾಗಲಿಲ್ಲ, ಆದರೆ ಗಟ್ಟಿಯಾಯಿತು. ಉದ್ದದ ಸಾಲಿಗೆ ಬೇಕಾದಷ್ಟು ಉಸಿರನ್ನು ಮೊದಲೇ ಎಳೆದುಕೊಂಡವನ ಹಾಗೆ. ಅಶ್ವತ್ಥನ ಹೆಗಲು ಮುಟ್ಟಿ, "ನಾನು ಪೂಜೆಗೆ ಮುಂಚೆನೇ ಹೇಳ್ತೀನಿ ಕಣೋ," ಎಂದು ತನ್ನ ಮನೆಗೆ ನಡೆದ.

ಅಮ್ಮ ತಂಬಿಟ್ಟು ಉಂಡೆ ಕಟ್ಟುತ್ತಿದ್ದಳು. ಅವಳ ಎದುರಿಗೆ ನೆಲದ ಮೇಲೆ ಕೂತ. ಬೆಲ್ಲದ ಪಾಕದ, ಹುರಿದ ಎಳ್ಳಿನ ವಾಸನೆ. ಒಂದು ಉಂಡೆ, ಇನ್ನೊಂದು ಉಂಡೆ. ಅವಳ ಕೈ ಅವನು ಮಾತಾಡುವವರೆಗೂ ನಿಲ್ಲಲಿಲ್ಲ, ಮಾತಾಡಿದ ಮೇಲೂ ನಿಲ್ಲಲಿಲ್ಲ.

"ಅಮ್ಮ, ಆ ಬಾವಿ ನಾಳೆ ಮುಚ್ಚಿಹೋಗತ್ತೆ. ಚುಕ್ಕೆ ಅಲ್ಲಿಗೆ ಹಾಕಿದ್ರೆ ಅಶ್ವತ್ಥ ಕೈ ಹಾಕೋಕೆ ಯೋಚ್ನೆ ಮಾಡ್ತಾನೆ. ನಮ್ಮ ಹಿತ್ತಿಲಿಂದ ತೆಗೀಬೇಕು ನಾನು."

"ನನ್ ಕಲ್ಲು ಕಿತ್ತಾಕ್ತೀಯೇನೋ?"

"ಕಲ್ಲು ನಿಂದು. ಅದನ್ನ ಯಾರೂ ಮುಟ್ಟಲ್ಲ. ಆದ್ರೆ ಹೆಂಗಸ್ರು ಬಂದಾಗ ಹೇಳ್ತೀನಿ, ಬಾವಿ ಇರೋದು ಅಲ್ಲಿ ಅಂತ. ನಿನ್ನ ಕೇಳ್ದೆ ಹೇಳಬಾರ್ದು ಅಂತ ಬಂದೆ."

"ಕೇಳ್ತಾ ಇದ್ದೀಯೋ ಏಳ್ತಾ ಇದ್ದೀಯೋ?"

"ಹೇಳ್ತಾ ಇದೀನಿ," ಎಂದ.

ಅಮ್ಮ ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗಿಟ್ಟಳು. ಅದು ಉಳಿದವಕ್ಕಿಂತ ಸಣ್ಣದಾಗಿತ್ತು. ಮತ್ತೆ ತೆಗೆದುಕೊಂಡು ಹಿಟ್ಟು ಸೇರಿಸಿದಳು. "ಅಗಳಿ ಆಕಿದ್ರು ಕಣೋ," ಅಂದಳು. ಅಷ್ಟೇ. ಇಷ್ಟು ವರ್ಷ ಬೀದಿಯ ಬಾಣಂತಿಯರನ್ನೆಲ್ಲ ತನ್ನ ಬಾಗಿಲು ತೆರೆದಿಟ್ಟು ಕರೆದವಳ ದನಿ ಅದಾಗಿರಲಿಲ್ಲ. ತನಗಿಂತ ಚಿಕ್ಕವಳೊಬ್ಬಳು ಅಲ್ಲಿ ಕೂತಿದ್ದ ಹಾಗೆ ವಾಸುವಿಗೆ ಕಂಡಿತು. ಅವಳ ಕಾಲು ಮುಟ್ಟಬೇಕೆನ್ನಿಸಿತು. ಅದು ಕ್ಷಮೆ ಕೇಳಿದ ಹಾಗಾಗುತ್ತದೆ, ಕ್ಷಮೆ ಕೇಳಿ ಮತ್ತೆ ಅದನ್ನೇ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನೆ ಎದ್ದು ಸ್ನಾನಕ್ಕೆ ಹೋದ. ನೀರು ಸುರಿದುಕೊಳ್ಳುವಾಗ ಅಡುಗೆಮನೆಯಿಂದ ಯಾವ ಸದ್ದೂ ಬರಲಿಲ್ಲ.

ಹೆಂಗಸರು ಬೀದಿಯ ಕಡೆಯಿಂದ ಬಂದರು. ಮುಂದೆ ಮೋನಿಕಾ, ಹಸಿರು ಸೀರೆ, ತಲೆಗೆ ಬಿಗಿದ ಬಟ್ಟೆ, ಸೊಂಟದಲ್ಲಿ, ಮುಚ್ಚಿದ ಬಾವಿಯಲ್ಲಿ ಸೇದುವಂತಿಲ್ಲವೆಂದು ನಲ್ಲಿಯಲ್ಲೇ ತುಂಬಿಕೊಂಡ ತಾಮ್ರದ ಕೊಡ. ಮಗು ಅವಳ ತಾಯಿಯ ಕೈಯಲ್ಲಿ. ವಾಸುವಿನ ಹೆಂಡತಿ ರಾಧಾಮಣಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು. ಹಿಂದೆ ಅಶ್ವತ್ಥ, ಬರಬೇಕೋ ಬೇಡವೋ ಎಂಬಂತೆ. ಹಿತ್ತಿಲ ಬಾಗಿಲಲ್ಲಿ ಅಮ್ಮ ಇರಲಿಲ್ಲ. ಆ ಜಾಗದಲ್ಲಿ ವಾಸು ನಿಂತಿದ್ದ, ಒದ್ದೆ ತಲೆ, ಹಣೆಗೆ ವಿಭೂತಿ. ಅಪ್ಪ ಜಗಲಿಯ ಮೇಲೆ ಓದಲು ಕೂರುವ ಮೊದಲು ಹೀಗೇ ಒಂದು ಗಳಿಗೆ ನಿಂತಿರುತ್ತಿದ್ದ.

"ಒಂದು ಮಾತು ಹೇಳ್ಬೇಕು," ಎಂದ. "ನಮ್ಮ ಹಿತ್ತಿಲಲ್ಲಿ ಬಾವಿ ಇಲ್ಲ. ಇದೆ ಅಂತ ನಾನೇ ಮ್ಯಾಪಿಗೆ ಹಾಕಿದ್ದೆ, ನೋಡದೇ ಹಾಕಿದ್ದೆ. ಬಾವಿ ಇರೋದು ಆ ಕಡೆ, ಅಶ್ವತ್ಥನ ಜಾಗದಲ್ಲಿ. ನೀರಿದೆ ಅದರಲ್ಲಿ. ಕಲ್ಲು ಇಲ್ಲಿ ಯಾಕಿದೆ ಅನ್ನೋದು ನಮ್ಮ ಮನೆ ವಿಷಯ. ಪೂಜೆ ಎಲ್ಲಿ ಮಾಡ್ಬೇಕು ಅಂತ ನಾನು ಹೇಳಲ್ಲ. ಬಾವಿ ಎಲ್ಲಿದೆ ಅಂತ ಮಾತ್ರ ಹೇಳ್ತಿದೀನಿ."

ಏರ್‌ಪೋರ್ಟ್ ರಸ್ತೆಯ ಸದ್ದು ದೂರದಿಂದ ತುಂಬಿಕೊಂಡು ಬಂತು. ಹಿಂದಿದ್ದ ಹೆಂಗಸೊಬ್ಬಳು, "ಅಯ್ಯೋ, ಅಂಗಾದ್ರೆ ನನ್ ಮಗಂದು ಮತ್ತೆ ಮಾಡ್ಬೇಕಾ? ಅವ್ನಿಗೆ ಮೀಸೆ ಬಂದೈತೆ," ಅಂದಳು. ನಗು ಎದ್ದಿತು, ಬೇಗ ಬಿತ್ತು. ರಾಧಾಮಣಿ ಗಂಡನನ್ನು ನೋಡಿದ ನೋಟದಲ್ಲಿ ಮನೆಗೆ ಬನ್ನಿ ಆಮೇಲೆ ಮಾತಾಡೋಣ ಎಂಬುದಿತ್ತು. "ದೊಡ್ಡಪ್ಪ, ಈಗ ನಾನೇನ್ ಮಾಡ್ಲಿ?" ಎಂದಳು ಮೋನಿಕಾ. "ಕೊಡ ಭಾರ ಆಗ್ತಿದೆ."

ಆಗ ಅಮ್ಮ ಹೊರಗೆ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ಕೈಯಲ್ಲಿ ತಂಬಿಟ್ಟಿನ ತಟ್ಟೆ. ತಟ್ಟೆಯನ್ನು ಮಗನ ಕೈಗೆ ಕೊಟ್ಟಳು, ಅವನ ಮುಖ ನೋಡದೆ. ನೇರ ಮೂಲೆಗೆ ಹೋಗಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಮೂರರಲ್ಲಿ ಸಣ್ಣ ಕಲ್ಲೊಂದನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. ರೇಷ್ಮೆಗೆ ಹಸಿ ಅರಿಸಿನ ಹತ್ತಿತು. "ಇವೆರಡು ಇಲ್ಲೇ ಇರ್ತವೆ," ಅಂದಳು, ಯಾರಿಗೆಂದಿಲ್ಲದೆ. ಮೋನಿಕಾಳನ್ನು ದಾಟಿ, ಹೆಂಗಸರನ್ನು ದಾಟಿ, ಬಿದ್ದ ಗೋಡೆಯ ಕಡೆಗೆ ನಡೆದಳು. ಎಲ್ಲರೂ ಅವಳ ಹಿಂದೆ ತಿರುಗಿದರು.

ಗೋಡೆ ಇರಲಿಲ್ಲ, ಬಾಗಿಲಿರಲಿಲ್ಲ. ಲಾರಿ ಹೋಗುವಷ್ಟು ತೆರೆದ ಜಾಗ. ಆದರೂ ಅವಳು ಮಣ್ಣಲ್ಲಿ ಕಚ್ಚಿಕೊಂಡಿದ್ದ ಆ ಹೊಸ್ತಿಲ ಮುಂದೆ, ತಲೆ ಬಗ್ಗಿಸಿ ಹೋಗಬೇಕಾಗಿದ್ದ ಆ ಸಣ್ಣ ಬಾಗಿಲಿದ್ದಲ್ಲಿಗೇ ಹೋಗಿ ನಿಂತಳು. ಸೆರಗಿನಲ್ಲಿ ಕಲ್ಲು, ಬಿಸಿಲು ನೆತ್ತಿಯ ಮೇಲೆ. ಒಳಗೆ ಹೆಜ್ಜೆಯಿಡಲಿಲ್ಲ. ಹಿಂದಿನವರಿಗೆ ಯಾಕೆಂದು ತಿಳಿಯಲಿಲ್ಲ. ಯಾರೋ "ಹೋಗಿ ಅಜ್ಜಿ" ಅಂದರು. ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದರು. ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ವಾಸುವಿಗೆ ತಟ್ಟೆ ಹಿಡಿದ ಕೈ ನೋಯತೊಡಗಿತು. ಕೊನೆಗೆ ದೊಡ್ಡಮ್ಮ ಕುರ್ಚಿಯ ಕೈ ಹಿಡಿದು ಎದ್ದರು. ಮಜೀದ್ ಹಿಡಿದುಕೊಳ್ಳಲು ಬಂದರೆ ಬೇಡವೆಂದರು. ಸುಣ್ಣದ ಗೆರೆಗಳನ್ನು ತುಳಿಯುತ್ತ ಹೊಸ್ತಿಲವರೆಗೆ ಬಂದರು.

"ತೆಗ್ದೇ ಐತಲ್ಲ, ಬಾ."

"ನೀನು ಕರೀಬೇಕಿತ್ತಕ್ಕ."

"ಈಗ ಕರ್ದೆನಲ್ಲ. ಬಾರವ್ವ ಒಳಕ್ಕೆ."

ಅಮ್ಮ ಹೊಸ್ತಿಲು ದಾಟುವಾಗ, ಮೇಲೆ ಬರೀ ಆಕಾಶವಿದ್ದರೂ, ತಲೆ ಬಗ್ಗಿಸಿದಳು.

ಅಶ್ವತ್ಥ ಮಜೀದನಿಗೆ ಕಂಬಿ ಸರಿಸುವಂತೆ ಕೈ ಮಾಡಿದ. ಮಣ್ಣು ಗುಡಿಸಿದಾಗ ಚಪ್ಪಡಿಗಳು ಕಂಡವು, ಎರಡರ ನಡುವೆ ಅಂಗೈ ಹೋಗುವಷ್ಟು ಸಂದು. ಅದರ ಪಕ್ಕದಲ್ಲಿ ಅಮ್ಮ ಕಲ್ಲನ್ನಿಟ್ಟಳು, ರಾಧಾಮಣಿ ಕುಂಕುಮ ಹಚ್ಚಿದಳು, ಮಗುವನ್ನು ಒಮ್ಮೆ ಸಂದಿಗೆ ಮುಖ ಮಾಡಿ ಹಿಡಿದರು, ಅದು ಸೀನಿತು. ಇಟ್ಟಿಗೆ ರಾಶಿಯ ಹಿಂದೆ ಅಶ್ವತ್ಥ ಫೋನಿನಲ್ಲಿ ಮಾತಾಡುತ್ತಿದ್ದ: "ನಾಳೆ ಬ್ಯಾಡ ಗುರು. ಗಾಡಿ ತರ್ಬ್ಯಾಡ. ಇಲ್ಲ, ಕ್ಯಾನ್ಸಲ್ ಅಲ್ಲ... ಪ್ಲಾನೇ ಬೇರೆ ಮಾಡ್ಬೇಕು ಅನ್ಸತ್ತೆ." ಫೋನು ಇಟ್ಟು ಬಂದು ವಾಸುವಿನ ಪಕ್ಕ ನಿಂತ. "ಪಾರ್ಕಿಂಗ್ ಎಲ್ಲಿ ಕೊಡ್ಲಿ ಹೇಳಿ ಈಗ," ಎಂದ, ಸಿಟ್ಟಿನಿಂದಲೇ. ವಾಸು ತಟ್ಟೆಯಿಂದ ಒಂದು ತಂಬಿಟ್ಟು ತೆಗೆದು ಅವನಿಗೆ ಕೊಟ್ಟ. ಅಶ್ವತ್ಥ ಅದನ್ನು ಕೈಯಲ್ಲೇ ಹಿಡಿದುಕೊಂಡ.

ವಾಸು ಫೋನು ತೆಗೆದು ಚಪ್ಪಡಿಯ ಅಂಚಿಗೆ ಹೋದ. ಚಪ್ಪಲಿ ಮೊದಲೇ ಬಿಟ್ಟಿದ್ದ. ಪರದೆಯ ಮೇಲೆ ನೀಲಿ ಚುಕ್ಕೆ ಇನ್ನೂ ಅವನ ಹಿತ್ತಿಲಲ್ಲೇ ಇತ್ತು. ಬೆರಳಿಟ್ಟು ಎಳೆದ, ಚುಕ್ಕೆ ಗೋಡೆ ದಾಟಿ ಬಂತು. ಜಾಗದ ಅಂಕಿ ನಿಲ್ಲಲೆಂದು ಕಾದ. ಸೇದಲು ಹಗ್ಗವಿಲ್ಲದ್ದರಿಂದ ಕೊಡದ ನೀರನ್ನೇ ಬಾವಿಗೆ ಬಿಡು ಎಂದರು ದೊಡ್ಡಮ್ಮ. ಮೋನಿಕಾ ಬಗ್ಗಿ ಕೊಡವನ್ನು ಸಂದಿಗೆ ವಾಲಿಸಿದಳು. ನೀರು ಸದ್ದಿಲ್ಲದೆ ಕತ್ತಲೆಗೆ ಇಳಿಯಿತು. ಎಲ್ಲರೂ ಸುಮ್ಮನಾದರು, ಮಜೀದ್ ಕೂಡ, ಮಗು ಕೂಡ. ಆ ಬಿಡುವು ಎಷ್ಟಿರಬೇಕೋ ಅಷ್ಟಿತ್ತು. ಆಮೇಲೆ ಬಹಳ ಕೆಳಗೆ ನೀರು ನೀರಿಗೆ ಬಿದ್ದ ಸದ್ದು.

"ಹ್ಞೂಂ," ಎಂದಳು ಅಮ್ಮ.

ನಿದ್ದೆ ಬಂದವರ ಹ್ಞೂಂ ಆಗಿರಲಿಲ್ಲ ಅದು. ವಾಸು ಚುಕ್ಕೆಯನ್ನು ಒತ್ತಿ ಅಲ್ಲೇ ನಿಲ್ಲಿಸಿದ.